ಚೆಂಡೆಸೆಯದ ಹುಡುಗ, ಹೊಣೆ ಹೊತ್ತ ಗುರು

2019ರ ಜುಲೈ 25. ಈಶಾನ್ಯ ಜಪಾನಿನ ಇವಾಟೆ ಪ್ರಾಂತದ ಮೊರಿಯೋಕಾ ನಗರದಲ್ಲಿ ಪ್ರೌಢಶಾಲೆಗಳ ಬೇಸ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಒಂದು ಕಡೆ ಹೆಸರಾಂತ ಹನಮಾಕಿ ಹಿಗಾಶಿ ಶಾಲೆ. ಇನ್ನೊಂದು ಕಡೆ ಕಡಲತೀರದ ಒಫುನಾಟೊ ಊರಿನ ಸರ್ಕಾರಿ ಶಾಲೆ. ಗೆದ್ದವರಿಗೆ ಕೋಶಿಯೆನ್ ಕ್ರೀಡಾಂಗಣದ ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶ. ಒಫುನಾಟೊ ಶಾಲೆಯವರು ಆ ಅಂಗಳವನ್ನು ಮೆಟ್ಟಿ ಆಗಲೇ 35 ವರ್ಷಗಳು ಸಂದಿದ್ದವು. ಆದರೆ ಈ ಬಾರಿ ಅವರಲ್ಲಿ ರೋಕಿ ಸಾಸಾಕಿ ಎಂಬ ಹದಿನೇಳರ ಹುಡುಗನಿದ್ದ. ಅದೇ ಏಪ್ರಿಲ್‌ನಲ್ಲಿ ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆದು ಇಡೀ ದೇಶವನ್ನೇ ಬೆರಗುಗೊಳಿಸಿದ್ದವನು ಆತ. ಪಂದ್ಯ ಆರಂಭವಾಯಿತು. ಸಾಸಾಕಿ ಬೆಂಚಿನ ಮೇಲೆ ಕುಳಿತಿದ್ದ. ಪಂದ್ಯ ಮುಗಿದಾಗಲೂ ಅಲ್ಲಿಯೇ ಕುಳಿತಿದ್ದ. ಚೆಂಡೆಸೆಯಲೂ ಇಲ್ಲ, ದಾಂಡು ಹಿಡಿಯಲೂ ಇಲ್ಲ. ಒಫುನಾಟೊ 2–12ರಿಂದ ಸೋತಿತು.

ಆತನನ್ನು ಕೂರಿಸಿದವರು ತರಬೇತುದಾರ ಯೋಹೆಯ್ ಕೊಕುಬೊ. ಅವರಿಗಾಗ 32 ವರ್ಷ.

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಒಂದೆರಡು ಮಾತುಗಳನ್ನು ಹೇಳಬೇಕು. ಕ್ರಿಕೆಟಿನಲ್ಲಿ ಓವರಿಗೊಮ್ಮೆ ಬೌಲರ್ ಬದಲಾಗುತ್ತಾನೆ. ಏಕದಿನ ಪಂದ್ಯದಲ್ಲಿ ಒಬ್ಬನ ಪಾಲು ಹತ್ತು ಓವರು, ಅಂದರೆ ಅರವತ್ತು ಎಸೆತ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಒಬ್ಬನೇ ಪಿಚರ್ ಒಂಬತ್ತು ಇನ್ನಿಂಗ್ಸುಗಳುದ್ದಕ್ಕೂ ಎಸೆಯಬಹುದು. ತೋಳು ಸಹಕರಿಸುವವರೆಗೆ ಎಸೆಯುವುದೇ ಶೌರ್ಯವೆಂದು ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ಎಣಿಸಲಾಗಿತ್ತು. 1998ರ ಆಗಸ್ಟ್ 20ರಂದು ಕೋಶಿಯೆನ್‌ನಲ್ಲಿ ಯೊಕೊಹಾಮಾ ಶಾಲೆಯ ಡೈಸುಕೆ ಮಾತ್ಸುಝಾಕಾ ಎಂಬ ವಿದ್ಯಾರ್ಥಿ 17 ಇನ್ನಿಂಗ್ಸುಗಳಲ್ಲಿ 250 ಬಾರಿ ಚೆಂಡೆಸೆದ. ಕ್ರಿಕೆಟಿನ ಲೆಕ್ಕದಲ್ಲಿ ನಲವತ್ತೊಂದು ಓವರಿಗೂ ಹೆಚ್ಚು! ಮರುದಿನ ಮತ್ತೆ ಸ್ವಲ್ಪ ಹೊತ್ತು ಎಸೆದ. ಅದರ ಮರುದಿನ ಅಂತಿಮ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದೂ ಹಿಟ್ ನೀಡದೆ ಪ್ರಶಸ್ತಿ ಗೆದ್ದುಕೊಟ್ಟ. ಮುಂದೆ ಆತ ಅಮೆರಿಕದಲ್ಲಿಯೂ ಆಡಿದ. 2011ರಲ್ಲಿ ಮೊಣಕೈಗೂ 2015ರಲ್ಲಿ ಭುಜಕ್ಕೂ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಆ 250 ಎಸೆತಗಳೇ ಕಾರಣವೆನ್ನುವುದು ದುಡುಕಿನ ಮಾತಾದೀತು. ಆದರೆ ಆ ಪಂದ್ಯವನ್ನು ಇಂದಿಗೂ ಬಣ್ಣಿಸುವವರಲ್ಲಿ, ತೋಳು ಯಾರದ್ದೆಂದು ಕೇಳುವವರು ವಿರಳ.

ಶಾಲಾ ತಂಡವನ್ನು ನಡೆಸುವ ವ್ಯವಸ್ಥೆಯೂ ಅಲ್ಲಿ ವಿಶಿಷ್ಟವಾದುದು. ಪಂದ್ಯದ ವೇಳೆ ಬೆಂಚಿನಲ್ಲಿ ಮುಖ್ಯವಾಗಿ ಇಬ್ಬರು ಹಿರಿಯರಿರುತ್ತಾರೆ. ‘ಕಾಂತೋಕು’ ಎನಿಸಿಕೊಳ್ಳುವ ತರಬೇತುದಾರರು ಆಟಗಾರರಂತೆಯೇ ಸಮವಸ್ತ್ರ ಧರಿಸುತ್ತಾರೆ. ‘ಬುಚೋ’ ಎಂಬ ಹೊಣೆಗಾರ ಅಧ್ಯಾಪಕರು ಸಾಧಾರಣ ಉಡುಪಿನಲ್ಲಿರುತ್ತಾರೆ. ಆಟ ಶಾಲೆಯ ಶಿಕ್ಷಣದ ಒಂದು ಭಾಗ ಎಂಬುದಕ್ಕೆ ಅವರ ಉಪಸ್ಥಿತಿಯೇ ಸಾಕ್ಷಿ. ಅಂಕಗಳನ್ನು ಬರೆದಿಡುವ ಕೆಲಸ ವಿದ್ಯಾರ್ಥಿಯದು. 1996ರಿಂದ ಕೋಶಿಯೆನ್‌ನ ಬೆಂಚಿನಲ್ಲಿ ಹುಡುಗಿಯರಿಗೂ ಈ ಸ್ಥಾನ ದೊರೆತಿದೆ. ಅಂಗಳದಲ್ಲಿ ಬೇಸಿನ ಬದಿ ನಿಂತು ಓಡುವವರಿಗೆ ಸೂಚನೆ ಕೊಡುವವರೂ ಹುಡುಗರೇ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ: ಆಟ ನಡೆಯುತ್ತಿರುವಾಗ ತರಬೇತುದಾರರು ತಾವೇ ಅಂಗಳಕ್ಕೆ ಹೋಗುವಂತಿಲ್ಲ. ಹೇಳಬೇಕಾದುದನ್ನು ಹುಡುಗನೊಬ್ಬನ ಮೂಲಕ ಹೇಳಿಕಳುಹಿಸಬೇಕು. ಅದೂ ಒಂಬತ್ತು ಇನ್ನಿಂಗ್ಸುಗಳಲ್ಲಿ ಮೂರೇ ಬಾರಿ. ಇಷ್ಟು ಮಿತವಾಗಿ ಮಾತನಾಡಬೇಕಾದ ಗುರುವಿಗೆ ಪಂದ್ಯಕ್ಕೆ ಮೊದಲೇ ಮಾಡುವ ನಿರ್ಣಯಗಳೇ ದೊಡ್ಡ ಮಾತು.

ಕೊಕುಬೊ ಅವರ ಮುಂದಿದ್ದ ಲೆಕ್ಕ ಹೀಗಿತ್ತು. ಜುಲೈ 21ರಂದು ಸಾಸಾಕಿ 12 ಇನ್ನಿಂಗ್ಸುಗಳಲ್ಲಿ 194 ಬಾರಿ ಎಸೆದಿದ್ದ. 24ರ ಉಪಾಂತ್ಯ ಪಂದ್ಯದಲ್ಲಿ 129 ಬಾರಿ. ಮರುದಿನವೇ ಅಂತಿಮ ಪಂದ್ಯ. ಎತ್ತರಕ್ಕೆ ಬೆಳೆಯುತ್ತಿದ್ದ ಆ ದೇಹ ಅಷ್ಟೊಂದು ವೇಗವನ್ನು ತಾಳಿಕೊಳ್ಳುವಷ್ಟು ಇನ್ನೂ ಬಲಿತಿಲ್ಲವೆಂಬ ಅಂಜಿಕೆ ಅವರಿಗೆ ಮೊದಲಿನಿಂದಲೂ ಇತ್ತು. ಪಂದ್ಯದ ನಂತರ ಪತ್ರಕರ್ತರು ಸುತ್ತುವರಿದಾಗ ಅವರು ನೆಪಗಳನ್ನು ಹೇಳಲಿಲ್ಲ. ಗಾಯವನ್ನು ತಪ್ಪಿಸಲೆಂದು ತಾವೇ ನಿರ್ಣಯಿಸಿದ್ದಾಗಿಯೂ, ಎಸೆ ಎಂದಿದ್ದರೆ ಹುಡುಗ ಎಸೆಯುತ್ತಿದ್ದನಾದರೂ ಹಾಗೆ ಹೇಳಲು ತಮ್ಮಿಂದಾಗಲಿಲ್ಲವೆಂದೂ ತಿಳಿಸಿದರು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತವರಿಗೆ ಇಲ್ಲಿ ಅರಿಸ್ಟಾಟಲನ ಒಂದು ಉದಾಹರಣೆ ನೆನಪಾಗದಿರದು. ಹತ್ತು ಅಳತೆ ಆಹಾರ ಅತಿಯಾಯಿತು, ಎರಡು ಅಳತೆ ಕಡಿಮೆಯಾಯಿತು ಎಂದ ಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಅಳತೆ ಬಡಿಸಲಾರ; ಮಹಾಮಲ್ಲ ಮೈಲೋನಿಗೆ ಆರು ಸಾಲದು, ಈಗಷ್ಟೇ ಗರಡಿಗೆ ಬಂದವನಿಗೆ ಅದೇ ಹೆಚ್ಚು. ಮಧ್ಯಮಮಾರ್ಗವೆಂಬುದು ಗಣಿತದ ಸರಾಸರಿಯಲ್ಲ, ಈ ಮನುಷ್ಯನಿಗೆ ಈ ಹೊತ್ತಿನಲ್ಲಿ ಯಾವುದು ತಕ್ಕುದು ಎಂಬ ಅರಿವು. ಸಂತ ತೋಮಾಸ್ ಅಕ್ವಿನಾಸರು ವಿವೇಕವೆಂದು ಕರೆದದ್ದೂ ಬಿಡಿ ಸಂಗತಿಗಳನ್ನು ಬಿಡಿಯಾಗಿಯೇ ಕಾಣಬಲ್ಲ ಈ ಗುಣವನ್ನು. ಆ ಬೆಳಿಗ್ಗೆ ಬೇಕಾಗಿದ್ದುದು ಇದೇ. ಏಕೆಂದರೆ ಆಗ ನಿಯಮವೇನೂ ಇರಲಿಲ್ಲ. ವಾರಕ್ಕೆ 500 ಎಸೆತಗಳ ಮಿತಿ ಜಾರಿಗೆ ಬಂದದ್ದು 2020ರಲ್ಲಿ.

ಆದರೆ ವಿವೇಕಕ್ಕೆ ಬೆಲೆ ತೆತ್ತವರು ಯಾರು? ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. 2011ರ ಸುನಾಮಿಯಲ್ಲಿ ಸಾಸಾಕಿ ತನ್ನ ತಂದೆಯನ್ನೂ ಅಜ್ಜ-ಅಜ್ಜಿಯರನ್ನೂ ಕಳೆದುಕೊಂಡಿದ್ದ. ಅನಂತರ ಕುಟುಂಬ ಒಫುನಾಟೊಗೆ ಬಂದು ನೆಲೆಸಿತು. ಬಲಿಷ್ಠ ಶಾಲೆಗಳ ಕರೆಗಳಿಗೆ ಓಗೊಡದೆ, ಊರಿನ ಗೆಳೆಯರ ಜೊತೆ ಕೋಶಿಯೆನ್‌ಗೆ ಹೋಗಬೇಕೆಂದೇ ಆತ ಈ ಶಾಲೆ ಸೇರಿದ್ದ. ಆ ಗೆಳೆಯರಲ್ಲಿ ಹಲವರಿಗೆ ಅದು ಶಾಲೆಯ ಕೊನೆಯ ಬೇಸಿಗೆ. ಒಬ್ಬನ ಮುಂದಿನ ಇಪ್ಪತ್ತು ವರ್ಷಗಳಿಗಾಗಿ ಉಳಿದವರ ಒಂದೇ ಒಂದು ದಿನವನ್ನು ತೆರುವುದು ನ್ಯಾಯವೇ ಎಂದು ಅವರ ತಾಯಂದಿರು ಕೇಳಿದ್ದರೆ ತಪ್ಪೆನ್ನಲಾಗದು. ಶಾಲೆಗೆ ಸಿಟ್ಟಿನ ದೂರವಾಣಿ ಕರೆಗಳು ಬಂದವು. ದೂರದರ್ಶನದಲ್ಲಿ ಹಿರಿಯ ಆಟಗಾರರು ಪರ-ವಿರೋಧ ವಾದಿಸಿದರು. ಎಸೆಯಬೇಕೆಂಬ ಆಸೆಯಿತ್ತೆಂದು ಸಾಸಾಕಿಯೂ ಹೇಳಿದ. ಆದರೆ ಗುರುವಿನ ನಿರ್ಣಯವನ್ನು ಒಪ್ಪಿಕೊಂಡ.

ನನ್ನ ಎಣಿಕೆಯಲ್ಲಿ ಕೊಕುಬೊ ಮಾಡಿದ್ದು ಸರಿ. ಗೆಳೆಯರು ಕಳೆದುಕೊಂಡದ್ದು ನಿಜವಾದ ನಷ್ಟವೇ ಹೌದು. ಆದರೆ ಪಂದ್ಯವೊಂದರ ನಷ್ಟ ಮತ್ತು ದೇಹವೊಂದರ ನಷ್ಟ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಹದಿನೇಳರ ಹುಡುಗನನ್ನು ಕೇಳಿದರೆ ‘ಎಸೆಯುತ್ತೇನೆ’ ಎನ್ನದೆ ಇನ್ನೇನು ಹೇಳಿಯಾನು? ಕೇಳಿ ಎಸೆಸಿದ್ದರೆ ಹೊಣೆ ಹುಡುಗನ ಹೆಗಲಿಗೆ ಬೀಳುತ್ತಿತ್ತು. ಕೊಕುಬೊ ಆ ಹೊಣೆಯನ್ನೂ ಜನರ ಸಿಟ್ಟನ್ನೂ ತಾವೇ ಹೊತ್ತರು. ಒಂದು ಎಚ್ಚರಿಕೆಯೂ ಬೇಕು. ಸಾಸಾಕಿ ಮುಂದೆ ಪ್ರಸಿದ್ಧನಾದ ಎಂಬ ಕಾರಣಕ್ಕಾಗಿ ಅಂದಿನ ನಿರ್ಣಯವನ್ನು ಸರಿಯೆನ್ನಬಾರದು. ಆತ ಮರುವರ್ಷವೇ ಆಟ ಬಿಟ್ಟು ಮೀನುಗಾರಿಕೆಗೆ ಇಳಿದಿದ್ದರೂ ಆ ತೋಳು ಅಷ್ಟೇ ಅಮೂಲ್ಯವಾಗಿರುತ್ತಿತ್ತು.

ಮುಂದಿನ ಕಥೆ ಹಲವರಿಗೆ ಗೊತ್ತು. 2022ರ ಏಪ್ರಿಲ್ 10ರಂದು, ಇಪ್ಪತ್ತರ ಹರೆಯದಲ್ಲಿ, ಚಿಬಾ ಲೊಟ್ಟೆ ತಂಡದ ಪರ ಸಾಸಾಕಿ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸು ತಲಪಗೊಡದೆ ಪರಿಪೂರ್ಣ ಪಂದ್ಯವನ್ನು ಎಸೆದ. ಜಪಾನಿನ ವೃತ್ತಿಪರ ಆಟದಲ್ಲಿ 1994ರ ಬಳಿಕ ಅಂಥದ್ದು ನಡೆದಿರಲಿಲ್ಲ. ಒಂದು ವಾರದ ನಂತರ, ಏಪ್ರಿಲ್ 17ರಂದು, ಮತ್ತೆ ಎಂಟು ಇನ್ನಿಂಗ್ಸುಗಳವರೆಗೆ ಯಾರನ್ನೂ ಬೇಸಿಗೆ ಬಿಡಲಿಲ್ಲ. ಇನ್ನೊಂದು ಇನ್ನಿಂಗ್ಸ್ ಎಸೆದಿದ್ದರೆ ಯಾರೂ ಕಂಡರಿಯದ ಸಾಧನೆಯ ಹೊಸ್ತಿಲು. ಎಸೆತಗಳ ಲೆಕ್ಕ 102ಕ್ಕೆ ಬಂದಿತ್ತು. ಹುಡುಗ ದಣಿದಿದ್ದಾನೆಂದು ಕಂಡ ಅಂದಿನ ತರಬೇತುದಾರ ತದಾಹಿತೊ ಇಗುಚಿ ಆತನನ್ನು ಆಟದಿಂದ ಹೊರಗಿರಿಸಿದರು. ಹತ್ತನೆಯ ಇನ್ನಿಂಗ್ಸಿನಲ್ಲಿ ತಂಡ 0–1ರಿಂದ ಸೋತಿತು.