ಹೊಸ ಡೇಟಾ ಕಾನೂನು ‘ನಾಳೆಯಿಂದಲೇ’ ಜಾರಿಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ನಾಳೆಯಿಂದ ಹೊಸ ಕಾನೂನು ಜಾರಿ. ನನ್ನ ಫೋಟೊ, ಮಾಹಿತಿ ಬಳಸಲು ಯಾರಿಗೂ ಅನುಮತಿ ಇಲ್ಲ ಎಂದು ಈಗಲೇ ಸ್ಟೇಟಸ್ ಹಾಕಿ.” ಈ ಧಾಟಿಯ ಸಂದೇಶಗಳು ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಲ್ಲಿ ವರ್ಷಗಳಿಂದ ಸುತ್ತುತ್ತಿವೆ. ಕಾನೂನಿನ ಹೆಸರು ಬದಲಾಗುತ್ತದೆ, ‘ನಾಳೆ’ ಮಾತ್ರ ಬದಲಾಗುವುದಿಲ್ಲ. ಭಾರತದಲ್ಲಿ ಈಗ ನಿಜವಾಗಿಯೂ ಹೊಸ ಡೇಟಾ ಕಾನೂನು ಬಂದಿದೆ. ಹಾಗಾದರೆ ಅದು ಯಾವಾಗಿನಿಂದ, ಯಾರಿಗೆ ಅನ್ವಯಿಸುತ್ತದೆ? ಒಂದೊಂದಾಗಿ ನೋಡೋಣ.

ಕಾನೂನು ಆಗಲೇ ಪಾಸಾಗಿದೆಯಲ್ಲ?

ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರು ವರ್ಷಗಳ ನಂತರ, 2023ರ ಆಗಸ್ಟ್ 11ರಂದು, ‘ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ’ಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಆದರೆ ಅಂಕಿತ ಬಿದ್ದ ದಿನವೇ ಕಾಯ್ದೆ ಜಾರಿಯಾಗಬೇಕೆಂದೇನಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ದಿನಾಂಕದಿಂದ ಇದು ಜಾರಿಗೆ ಬರುತ್ತದೆ, ಬೇರೆ ಬೇರೆ ಸೆಕ್ಷನ್‌ಗಳಿಗೆ ಬೇರೆ ಬೇರೆ ದಿನಾಂಕ ಇರಬಹುದು ಎಂದು ಕಾಯ್ದೆಯಲ್ಲೇ ಬರೆದಿದೆ. ಆ ಅಧಿಸೂಚನೆ ಮತ್ತು ನಿಯಮಗಳು ಬಂದದ್ದು 2025ರ ನವೆಂಬರ್ ಮಧ್ಯದಲ್ಲಿ.

ಯಾವುದು ಯಾವಾಗ ಜಾರಿ?

ಆ ಅಧಿಸೂಚನೆಯ ಪ್ರಕಾರ ಕಾನೂನು ಮೂರು ಹಂತಗಳಲ್ಲಿ ಜಾರಿಗೆ ಬರುತ್ತದೆ.

2025ರ ನವೆಂಬರ್: ದೂರುಗಳ ವಿಚಾರಣೆ ನಡೆಸಬೇಕಾದ ‘ದತ್ತಾಂಶ ಸಂರಕ್ಷಣಾ ಮಂಡಳಿ’ಯನ್ನು ರಚಿಸುವ ಸೆಕ್ಷನ್‌ಗಳು. ಇದರ ಜೊತೆಗೇ ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ಒಂದು ತಿದ್ದುಪಡಿಯೂ ಜಾರಿಯಾಯಿತು. ‘ವೈಯಕ್ತಿಕ ಮಾಹಿತಿ’ ಎಂಬ ಕಾರಣಕ್ಕೆ ಆರ್‌ಟಿಐ ಅರ್ಜಿಯನ್ನು ನಿರಾಕರಿಸುವುದು ಇದರಿಂದ ಅಧಿಕಾರಿಗಳಿಗೆ ಸುಲಭವಾಗುತ್ತದೆ ಎಂಬ ಟೀಕೆ ಇದೆ.

2026ರ ನವೆಂಬರ್: ‘ಸಮ್ಮತಿ ನಿರ್ವಾಹಕರ’ ನೋಂದಣಿ. ಯಾವ ಕಂಪನಿಗೆ ಏನು ಅನುಮತಿ ಕೊಟ್ಟಿದ್ದೇವೆ ಎಂದು ಒಂದೇ ಕಡೆ ನೋಡಲು, ಬೇಡವಾದದ್ದನ್ನು ಹಿಂಪಡೆಯಲು ನೆರವಾಗುವ ಸಂಸ್ಥೆಗಳಿವು.

2027ರ ಮೇ: ನಮಗೆ ನೇರವಾಗಿ ತಟ್ಟುವ ಭಾಗವೆಲ್ಲ ಈ ಹಂತದಲ್ಲಿದೆ. ಯಾವ ಮಾಹಿತಿಯನ್ನು ಏಕೆ ಪಡೆಯುತ್ತಿದ್ದೇವೆ ಎಂದು ಕಂಪನಿ ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಕೇಳಬೇಕು. ಅದನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಇರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಮಾಹಿತಿ ಸೋರಿದರೆ ಮಂಡಳಿಗೂ ನಮಗೂ ತಿಳಿಸಬೇಕು. 18 ವರ್ಷದೊಳಗಿನವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು.

ಅಂದರೆ ಮಂಡಳಿಯ ಸೆಕ್ಷನ್‌ಗಳು ಮೊದಲು ಜಾರಿಯಾದವು, ನಮ್ಮ ಹಕ್ಕುಗಳು ಕೊನೆಗೆ. ಕಂಪನಿಗಳು ಸಿದ್ಧವಾಗಲಿ ಎಂದು ಕೊಟ್ಟ ಸಮಯ 18 ತಿಂಗಳು.

ಯಾರಿಗೆ ಅನ್ವಯಿಸುತ್ತದೆ?

ಬಿಲ್ಲಿಂಗ್ ಕೌಂಟರಿನಲ್ಲಿ ನಿಮ್ಮ ಮೊಬೈಲ್ ನಂಬರನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಅಂಗಡಿಗೂ, ಸಾಲ ಕೊಡುವ ಆ್ಯಪ್‌ಗೂ ಇದು ಅನ್ವಯಿಸುತ್ತದೆ. ಕಂಪನಿ ವಿದೇಶದಲ್ಲಿದ್ದರೂ ಭಾರತದಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸುತ್ತಿದ್ದರೆ ಅದೂ ಇದರ ವ್ಯಾಪ್ತಿಗೆ ಬರುತ್ತದೆ. ಸರ್ಕಾರಕ್ಕೂ ಅನ್ವಯಿಸುತ್ತದೆ, ಆದರೆ ಅದಕ್ಕೆ ದೊಡ್ಡ ವಿನಾಯಿತಿಗಳಿವೆ.

ಅಪಾರ್ಟ್‌ಮೆಂಟ್ ಗೇಟಿನ ಪುಸ್ತಕದಲ್ಲಿ ನೀವು ಬರೆದ ಹೆಸರು, ನಂಬರು ಕಾಗದದ ಮೇಲೆಯೇ ಉಳಿದರೆ ಈ ಕಾಯ್ದೆ ಅನ್ವಯಿಸದು. ಅದನ್ನು ಕಂಪ್ಯೂಟರಿಗೆ ಏರಿಸಿದರೆ ಅನ್ವಯಿಸುತ್ತದೆ. ಮದುವೆಯ ಫೋಟೊವನ್ನು ಚಿಕ್ಕಮ್ಮ ಮನೆಯವರ ಗ್ರೂಪಿಗೆ ಹಾಕಿದರೆ ಅದು ಖಾಸಗಿ ಬಳಕೆ, ಕಾಯ್ದೆ ಅತ್ತ ಬರುವುದಿಲ್ಲ. ನೀವೇ ಎಲ್ಲರಿಗೂ ಕಾಣುವಂತೆ ಹಾಕಿಕೊಂಡ ಮಾಹಿತಿಗೂ ಇದರ ರಕ್ಷಣೆ ಇಲ್ಲ. ಹಾಗಾಗಿ “ಅನುಮತಿ ಇಲ್ಲ” ಎಂಬ ಸ್ಟೇಟಸ್‌ನಿಂದ ಏನೂ ಆಗುವುದಿಲ್ಲ. ಆ್ಯಪ್ ಹಾಕಿಕೊಳ್ಳುವಾಗ ಒಪ್ಪಿಕೊಂಡ ಷರತ್ತನ್ನು ಸ್ಟೇಟಸ್‌ನಲ್ಲಿ ರದ್ದು ಮಾಡಲು ಬರುವುದಿಲ್ಲ.

250 ಕೋಟಿ ಯಾರಿಗೆ?

ಸುರಕ್ಷತೆಯ ಕ್ರಮ ಕೈಗೊಳ್ಳದೆ ಮಾಹಿತಿ ಸೋರಲು ಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎಂಬುದು ನಿಜ. ಆದರೆ ಆ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ, ಮಾಹಿತಿ ಕಳೆದುಕೊಂಡವರಿಗಲ್ಲ. ಕಂಪನಿಯ ನಿರ್ಲಕ್ಷ್ಯದಿಂದ ಸೂಕ್ಷ್ಮ ವೈಯಕ್ತಿಕ ಮಾಹಿತಿ ಸೋರಿ ನಷ್ಟವಾದರೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಇದೆ. ಹೊಸ ಕಾಯ್ದೆಯ ಕೊನೆಯ ಹಂತ ಜಾರಿಯಾದಾಗ ಆ ಸೆಕ್ಷನ್ ರದ್ದಾಗುತ್ತದೆ. ಈ ಮುಖ್ಯ ಸಂಗತಿಯನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ.

ನಾವು ಏನು ಮಾಡಬೇಕು?

ಕಾನೂನು ಜಾರಿಗೆ ಬರಲು ನೀವು ಯಾವ ಲಿಂಕ್ ಒತ್ತಬೇಕಾಗಿಲ್ಲ, ಎಲ್ಲೂ ನೋಂದಾಯಿಸಿಕೊಳ್ಳಬೇಕಾಗಿಲ್ಲ, ಯಾರಿಗೂ ಒಟಿಪಿ ಹೇಳಬೇಕಾಗಿಲ್ಲ. “ಹೊಸ ಕಾನೂನಿನಂತೆ ಕೆವೈಸಿ ಮಾಡಿಸಿ, ಇಲ್ಲದಿದ್ದರೆ ಖಾತೆ ಬಂದ್” ಎಂದು ಲಿಂಕ್ ಬಂದರೆ ಒತ್ತಬೇಡಿ. ಬ್ಯಾಂಕಿನ ಶಾಖೆಯಲ್ಲೇ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್, ಲೊಕೇಶನ್, ಮೈಕ್‌ ಅನುಮತಿ ಇದೆ ಎಂದು ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಬೇಕಿಲ್ಲ, ತೆಗೆದುಹಾಕಿ. ಇದಕ್ಕೆ 2027ರವರೆಗೆ ಕಾಯಬೇಕಾಗಿಲ್ಲ.

‘ನಾಳೆಯಿಂದ ಜಾರಿ’ ಎಂಬ ಸಂದೇಶ ಮತ್ತೆ ಬಂದರೆ, ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ತಾರೀಖಿನ ಅಧಿಸೂಚನೆ? ಉತ್ತರ ಇಲ್ಲದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.