ಕುದುರೆ ಬೆದರಿತು, ಸೈಕಲ್ಲಿಗೆ ದಾರಿಯಾಯಿತು

1898ರ ಜುಲೈ 6. ಅಮೆರಿಕದ ಮಿಷಿಗನ್ ರಾಜ್ಯದ ಮ್ಯಾಕಿನಾ ದ್ವೀಪದಲ್ಲಿ ಊರಾಡಳಿತದ ಸಭೆ ಒಂದು ಚುಟುಕು ಠರಾವು ಹೊರಡಿಸಿತು. ಕುದುರೆ ಇಲ್ಲದೆ ತಾನೇ ಓಡುವ ಗಾಡಿಗಳಿಗೆ ಊರಿನ ಎಲ್ಲೆಯೊಳಗೆ ಪ್ರವೇಶವಿಲ್ಲ ಎಂಬುದು ಅದರ ಸಾರ. ಹೊಗೆ, ಪರಿಸರ, ನೆಮ್ಮದಿ ಎಂಬ ಮಾತೇ ಅದರಲ್ಲಿರಲಿಲ್ಲ. ಸದ್ದು ಮಾಡುತ್ತ ಬಂದ ಯಂತ್ರ ಕಂಡು ಕುದುರೆಗಳು ಬೆದರಿದ್ದವು, ಸಾರೋಟು ಓಡಿಸುವವರು ಸಿಟ್ಟಿಗೆದ್ದು ದೂರು ಕೊಟ್ಟಿದ್ದರು. ಬೇಸಿಗೆಯ ನಾಲ್ಕು ತಿಂಗಳ ಪ್ರವಾಸಿಗರನ್ನೇ ನೆಚ್ಚಿದ ಆ ಊರಿನಲ್ಲಿ ಸಾರೋಟಿನವರ ಸಿಟ್ಟಿಗೆ ಬೆಲೆಯಿತ್ತು.

ಇಂದು ಸ್ವಂತ ಸೈಕಲ್ಲನ್ನು ಫೆರಿಯಲ್ಲಿ ಹೇರಿಕೊಂಡು ಬಂದು ದ್ವೀಪ ಸುತ್ತುವವರೆಲ್ಲ ಆ ಸಿಟ್ಟಿನ ಫಲಾನುಭವಿಗಳು. ವಿಚಿತ್ರವೆಂದರೆ, ಸೈಕಲ್ಲಿನ ಹಿತಕ್ಕೆಂದು ಅಲ್ಲಿ ಯಾರೂ ಹೋರಾಡಿದ್ದಿಲ್ಲ.

ಹ್ಯೂರಾನ್ ಸರೋವರದಲ್ಲಿರುವ, ಹತ್ತು ಚದರ ಕಿಲೋಮೀಟರ್‌ಗೂ ತುಸು ಕಡಿಮೆ ವಿಸ್ತೀರ್ಣದ ಈ ದ್ವೀಪದ ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಮೊದಲು ಅನಿಶಿನಾಬೆ ಜನರ ಪವಿತ್ರ ನೆಲ. ಆಮೇಲೆ ತುಪ್ಪಳದ ವ್ಯಾಪಾರ, ಬ್ರಿಟಿಷರು ಗುಡ್ಡದ ಮೇಲೆ ಕಟ್ಟಿದ ಕೋಟೆ, 1812ರ ಯುದ್ಧ. 1875ರಲ್ಲಿ, ಇದೇ ದ್ವೀಪದಲ್ಲಿ ಹುಟ್ಟಿದ ಸೆನೆಟರ್ ಥಾಮಸ್ ಫೆರಿಯ ಒತ್ತಾಸೆಯಿಂದ, ಯೆಲ್ಲೋಸ್ಟೋನ್ ನಂತರದ ಎರಡನೆಯ ರಾಷ್ಟ್ರೀಯ ಉದ್ಯಾನವೆಂಬ ಪಟ್ಟ ಸಿಕ್ಕಿತು. ಇಪ್ಪತ್ತು ವರ್ಷಕ್ಕೆ ಸೈನ್ಯ ಕೋಟೆ ಬಿಟ್ಟು ಹೊರಟಿತು, ಉದ್ಯಾನ ರಾಜ್ಯದ ಕೈಗೆ ಬಂತು. ಈಗ ದ್ವೀಪದ ಶೇಕಡ 80ಕ್ಕೂ ಹೆಚ್ಚು ಭಾಗ ಉದ್ಯಾನವೇ.

ಹಾಗಾಗಿ ನೆಲಕ್ಕೆ ಇಬ್ಬರು ಯಜಮಾನರಾದರು. ಊರಿಗೆ ಊರಾಡಳಿತ, ಕಾಡು, ಕೋಟೆ, ಬಂಡೆಗಳಿಗೆ ಉದ್ಯಾನದ ಆಯೋಗ. ಊರಿನ ಠರಾವು ಊರಿನ ಗಡಿಗೆ ಬಂದು ನಿಂತುಬಿಡುತ್ತಿತ್ತು. ಈ ಸಂದಿಯಲ್ಲಿ ನುಗ್ಗಿದವನು ಅರ್ಲ್ ಆಂಥನಿ ಎಂಬ ಷಿಕಾಗೋದ ಸಿರಿವಂತ. ದ್ವೀಪದಲ್ಲಿ ಬೇಸಿಗೆ ಕಳೆಯಲು ಬರುತ್ತಿದ್ದ ಇವನು 1900ರಲ್ಲಿ ತನ್ನ ಮೋಟಾರು ಗಾಡಿಯನ್ನೂ ತಂದು ಉದ್ಯಾನದ ರಸ್ತೆಗಿಳಿಸಿದ. ಕುದುರೆಗಳು ದಿಕ್ಕೆಟ್ಟು ಓಡಿದವು, ಸಾರೋಟುಗಳು ಮುರಿದವು. ಮರುವರ್ಷವೇ ಉದ್ಯಾನದ ಆಯೋಗವೂ ಮೋಟಾರಿಗೆ ನಿಷೇಧ ಹೇರಿತು. ಆಂಥನಿ ಆ ಬೇಸಿಗೆ ಗಾಡಿಯನ್ನು ಷಿಕಾಗೋದಲ್ಲೇ ಬಿಟ್ಟು ಬಂದಿದ್ದರೆ ಕಾಡಿನ ರಸ್ತೆಗಳ ಬಾಗಿಲು ಎಷ್ಟು ಕಾಲ ತೆರೆದಿರುತ್ತಿತ್ತೋ! ಒಬ್ಬನ ಶೋಕಿಯಿಂದ ಇಡೀ ದ್ವೀಪಕ್ಕೆ ಬೀಗ ಬಿತ್ತು.

ಇದು ನಡೆದದ್ದು ಯಾವ ರಾಜ್ಯದಲ್ಲಿ ಎಂಬುದನ್ನು ಮರೆಯುವಂತಿಲ್ಲ. ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿಯನ್ನು ಡೆಟ್ರಾಯಿಟ್‌ನ ಬೀದಿಯಲ್ಲಿ ಓಡಿಸಿ ನೋಡಿದ್ದು 1896ರಲ್ಲಿ, ಕಂಪನಿ ತೆರೆದದ್ದು 1903ರಲ್ಲಿ. ಲೋಕಕ್ಕೆಲ್ಲ ಕಾರಿನ ಹುಚ್ಚು ಹತ್ತಿಸಿದ ರಾಜ್ಯದ ಉತ್ತರದ ಮೂಲೆಯಲ್ಲಿ, ಆ ಹುಚ್ಚು ಶುರುವಾಗುವ ಹೊತ್ತಿಗೇ ಬಾಗಿಲು ಮುಚ್ಚಿಯಾಗಿತ್ತು.

ಸೈಕಲ್ ಮಾತ್ರ ಹೇಗೆ ಒಳಗೆ ಬಂತು? ಅದು ಬರಲಿಲ್ಲ, ಆಗಲೇ ಇತ್ತು. ಗಾಳಿ ತುಂಬಿದ ಟೈರು, ಸಮ ಗಾತ್ರದ ಎರಡು ಚಕ್ರ, ಚೈನು ಸೇರಿದ ಮೇಲೆ 1890ರ ದಶಕದ ಅಮೆರಿಕ ಸೈಕಲ್ಲಿಗೆ ಮರುಳಾಗಿತ್ತು. ಸದ್ದಿಲ್ಲದ ಈ ವಾಹನದ ಜೊತೆ ಕುದುರೆಗಳು ಹೊಂದಿಕೊಂಡವು. ಪ್ರವಾಸಿ ಬಂದೊಡನೆ ಸೈಕಲ್ ಹತ್ತುವುದು ನಿಧಾನವಾಗಿ ದ್ವೀಪದ ರೂಢಿಯೇ ಆಯಿತು. 1933ರಲ್ಲಿ ದ್ವೀಪವನ್ನು ಸುತ್ತುವ ದಂಡೆಯ ರಸ್ತೆ ಎಂ-185 ಎಂಬ ಹೆಸರಿನಲ್ಲಿ ರಾಜ್ಯ ಹೆದ್ದಾರಿಯ ಪಟ್ಟಿಗೆ ಸೇರಿತು. ಮೋಟಾರು ವಾಹನಕ್ಕೆ ಪ್ರವೇಶವಿಲ್ಲದ ರಾಜ್ಯ ಹೆದ್ದಾರಿ ಇಡೀ ಅಮೆರಿಕದಲ್ಲಿ ಇದೊಂದೇ.

ಸುತ್ತಳತೆ 8.2 ಮೈಲಿ, ಅಂದರೆ ಸುಮಾರು 13 ಕಿಲೋಮೀಟರ್. ಆಚೆ ದಡದ ಊರುಗಳಾದ ಮ್ಯಾಕಿನಾ ಸಿಟಿಯಿಂದಲೋ ಸೇಂಟ್ ಇಗ್ನೇಸ್‌ನಿಂದಲೋ ಫೆರಿ ಹಿಡಿದರೆ ಸೈಕಲ್ಲಿಗೆ ಬೇರೆ ಶುಲ್ಕ ಕೊಡಬೇಕು, ಹತ್ತಿಸಿ ಇಳಿಸುವ ಕೆಲಸ ದೋಣಿಯ ಹುಡುಗರದು. ದಡದ ಪಕ್ಕದಲ್ಲೇ ಬಾಡಿಗೆ ಅಂಗಡಿಗಳ ಸಾಲಿದ್ದರೂ ಅನುಭವಿಗಳು ತಮ್ಮದನ್ನೇ ಒಯ್ಯುತ್ತಾರೆ. ದಂಡೆಯ ದಾರಿ ಸಮತಟ್ಟು, ಯಾವ ಸೈಕಲ್ಲಾದರೂ ನಡೆದೀತು. ಉದ್ಯಾನದ ನಿಜವಾದ ರುಚಿ ಇರುವುದು ಒಳಗಿನ ಏರಿಳಿತದಲ್ಲಿ, ಸರೋವರದಿಂದ 300 ಅಡಿಗೂ ಮೇಲಿರುವ ಫೋರ್ಟ್ ಹೋಮ್ಸ್‌ವರೆಗೆ. ಅಲ್ಲಿ ಸೀಟಿನ ಎತ್ತರ ಒಗ್ಗಿರಬೇಕು, ಗೇರು ಕೈ ಮಾತು ಕೇಳಬೇಕು, ಇಳಿಜಾರಿನಲ್ಲಿ ಬ್ರೇಕ್ ಎಷ್ಟು ಹಿಡಿಯುತ್ತದೆಂದು ಬೆರಳಿಗೆ ಗೊತ್ತಿರಬೇಕು. ನೀರಿನಿಂದ 146 ಅಡಿ ಎತ್ತರದಲ್ಲಿ ನಿಂತ ಸುಣ್ಣಕಲ್ಲಿನ ಕಮಾನು ಆರ್ಚ್ ರಾಕ್‌ಗೆ ದಂಡೆಯಿಂದ 207 ಮೆಟ್ಟಿಲು. ಸೈಕಲ್ ಕೆಳಗೇ ಬಿಟ್ಟು ಹತ್ತಬೇಕು, ಇಲ್ಲವೇ ಒಳದಾರಿಯಲ್ಲಿ ಬೆವರಿಳಿಸಿಕೊಂಡು ತುಳಿದು ಹೋಗಬೇಕು. ಮಡ್‌ಗಾರ್ಡ್ ಇದ್ದರೆ ಲೇಸು. ಬೇಸಿಗೆಯಲ್ಲಿ ಇಲ್ಲಿ ಸುಮಾರು 500 ಕುದುರೆಗಳಿರುತ್ತವೆ, ಲದ್ದಿ ಬಳಿಯುವವರು ದಿನವಿಡೀ ದುಡಿದರೂ ಮಳೆ ಬಂದಾಗ ಪೇಟೆಯ ಬೀದಿಯೆಲ್ಲ ಕೆಸರೇ.

ನಿಷೇಧ ಎಂದೂ ಸಂಪೂರ್ಣವಾಗಿರಲಿಲ್ಲ ಎನ್ನಬೇಕು. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ವಾಹನಗಳಿವೆ, ಚಳಿಗಾಲಕ್ಕೆ ಹಿಮಬಂಡಿಗಳಿಗೆ ಅನುಮತಿಯಿದೆ. 1979ರಲ್ಲಿ ‘ಸಮ್‌ವೇರ್ ಇನ್ ಟೈಮ್’ ಚಿತ್ರೀಕರಣಕ್ಕೆಂದು ವಿಶೇಷ ಪರವಾನಗಿ ಪಡೆದು ವಾಹನ ತಂದರು, ಗ್ರ್ಯಾಂಡ್ ಹೋಟೆಲಿನ ಮುಂದೆ ನಾಯಕನ ಕಾರು ಬಂದು ನಿಂತಿತು. ಇದನ್ನೆಲ್ಲ ದ್ವೀಪದವರು ನುಂಗಿಕೊಂಡರು. ನುಂಗಲಾಗದ್ದು 2019ರ ಸೆಪ್ಟೆಂಬರಿನದು. ಅದೇ ಹೋಟೆಲಿನಲ್ಲಿ ತಮ್ಮ ಪಕ್ಷದ ಸಮಾವೇಶಕ್ಕೆ ಬಂದ ಉಪಾಧ್ಯಕ್ಷ ಮೈಕ್ ಪೆನ್ಸ್ ಎಂಟು ವಾಹನಗಳ ಸಾಲಿನಲ್ಲಿ ಸಾಗಿದರು. ದ್ವೀಪ ಕಂಡ ಮೊದಲ ಕಾರು ಮೆರವಣಿಗೆ ಅದು. ಭದ್ರತೆಯ ಕಾರಣ ಮುಂದೊಡ್ಡಿದವರಿಗೆ ಹಳಬರು ಕೊಟ್ಟ ಉತ್ತರ ಜೆರಾಲ್ಡ್ ಫೋರ್ಡ್ ಹೆಸರು. 1929ರಲ್ಲಿ ಸ್ಕೌಟ್ ಹುಡುಗನಾಗಿ ಇಲ್ಲಿನ ಕೋಟೆಯಲ್ಲಿ ಸೇವೆ ಮಾಡಿದ್ದ ಫೋರ್ಡ್, 1975ರಲ್ಲಿ ಅಧ್ಯಕ್ಷರಾಗಿ ಮರಳಿದಾಗ ಕುದುರೆ ಸಾರೋಟಿನಲ್ಲೇ ಕುಳಿತು ಹೋಗಿದ್ದರು. ಅಧ್ಯಕ್ಷರಿಗೆ ಸಾಕಾದ ಸಾರೋಟು ಉಪಾಧ್ಯಕ್ಷರಿಗೆ ಸಾಲದೇ ಹೋಯಿತು.

ಆದರೆ ನೂರಿಪ್ಪತ್ತು ವರ್ಷಕ್ಕೂ ಹಳೆಯ ಈ ನಿಯಮವನ್ನು ಒಂದು ದಿನದ ಮೆರವಣಿಗೆಗಿಂತ ಹೆಚ್ಚು ಕಾಡುತ್ತಿರುವುದು ಈಗ ಸೈಕಲ್ಲೇ. ವಿದ್ಯುತ್ ಮೋಟಾರು ಕೂಡಿಸಿದ ಸೈಕಲ್ ಯಾವ ಪಂಗಡಕ್ಕೆ ಸೇರಬೇಕು? ಅದಕ್ಕೆ ಪೆಡಲ್ ಇದೆ, ಕುದುರೆ ಬೆದರುವಷ್ಟು ಸದ್ದಿಲ್ಲ. ಆದರೂ ಅದು ಮೋಟಾರೇ. ನಗರಾಡಳಿತ ಗೆರೆ ಎಳೆದಿರುವುದು ಹೀಗೆ: ಓಡಾಟಕ್ಕೆ ತೊಡಕಾಗುವ ಅಂಗವೈಕಲ್ಯವಿದ್ದವರು, ಪೆಡಲ್ ತುಳಿದಾಗ ಮಾತ್ರ ಮೋಟಾರು ನೆರವಾಗುವ ಮೊದಲ ವರ್ಗದ ಇ-ಸೈಕಲ್ ಬಳಸಬಹುದು, ಉಳಿದವರಿಗೆ ಇಲ್ಲ. ದುಬಾರಿ ಇ-ಸೈಕಲ್ ತಂದವರಿಗೆ ಇದು ಹಳೇ ಕಾಲದ ಹಟದಂತೆ ಕಾಣುತ್ತದೆ. ಇರಬಹುದು. ಆದರೆ ಒಂದಕ್ಕೆ ಬಿಟ್ಟರೆ ಇನ್ನೊಂದಕ್ಕೂ ಬಿಡಬೇಕಾಗುತ್ತದೆ. ಸದ್ಯಕ್ಕಂತೂ ಫೆರಿ ಹತ್ತುವ ಮುನ್ನ ಸೈಕಲ್ಲಿನಲ್ಲಿ ಬ್ಯಾಟರಿ ಇದೆಯೇ ಎಂದು ನೋಡಿಕೊಳ್ಳುವುದು ಪ್ರವಾಸಿಗರದೇ ಹೊಣೆ.