ಗೇಣಿ ತೆರುವ ದೊರೆ
(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ನಮ್ಮ ನಾಡಿನಲ್ಲಿ ಒಬ್ಬನನ್ನು ‘ಹಂದಿ’ ಎಂದು ಕರೆದರೆ ಜಗಳವಾಗುವುದು. ಆದರೆ ಹತ್ತೊಂಬತ್ತನೆಯ ಶತಮಾನದ ಐರ್ಲೆಂಡ್ ದೇಶದಲ್ಲಿ ಬಡ ಗೇಣಿದಾರನ ಹಂದಿಗೆ ಸಲಿಗೆಯಿಂದ ಬಂದ ಹೆಸರು ‘ಗೇಣಿ ತೆರುವ ದೊರೆ’ ಎಂಬುದಾಗಿದ್ದಿತು. ಈ ಮಾತಿನಲ್ಲಿ ಹಾಸ್ಯವೂ ಉಂಟು, ಲೆಕ್ಕವೂ ಉಂಟು.

ಹೆಸರಿನ ಅರ್ಥ

ಆ ಗೇಣಿದಾರನು ತನ್ನ ತುಂಡು ಭೂಮಿಯಲ್ಲಿ ಬೆಳೆದ ಆಲೂಗೆಡ್ಡೆಯೇ ಸಂಸಾರಕ್ಕೆ ಊಟವಾಗಿದ್ದಿತು. ಸಿಪ್ಪೆ, ಸಣ್ಣ ಗೆಡ್ಡೆ, ಊಟಕ್ಕೆ ಮಿಕ್ಕದ್ದು ಇವು ಹಂದಿಯ ಪಾಲು. ಗೇಣಿಯ ಗಡುವು ಸಮೀಪಿಸಲು, ಕೊಬ್ಬಿದ ಹಂದಿಯನ್ನು ಸಂತೆಯಲ್ಲಿ ಮಾರಿ ಜಮೀನುದಾರನಿಗೆ ಹಣವನ್ನು ಸಲ್ಲಿಸುತ್ತಿದ್ದನು. ತಾನು ಸಾಕಿದುದರ ಮಾಂಸವನ್ನು ತಾನೇ ತಿನ್ನುವುದು ಅಪರೂಪವಾಗಿದ್ದಿತು. ದಿನಕ್ಕಿಷ್ಟು ಸಿಪ್ಪೆ ಹಾಕಿ, ಕಡೆಗೆ ಇಡುಗಂಟು ಪಡೆಯುವ ಉಳಿತಾಯದ ಪೆಟ್ಟಿಗೆಯೇ ಅದು.

ಅಮೆರಿಕದ ಅಯೋವ ಮುಂತಾದ ಮೆಕ್ಕೆಜೋಳದ ಸೀಮೆಯಲ್ಲಿಯೂ ಹಂದಿಗೆ ‘ಅಡವು ಬಿಡಿಸುವವನು’ ಎಂಬ ಹೆಸರು ಬಂದಿತು. ಹೆಣ್ಣು ಹಂದಿಯು ಸುಮಾರು 114 ದಿನಗಳಲ್ಲಿ ಈಯುವುದು. ಒಂದು ಸೂಲಿಗೆ ಎಂಟು ಹತ್ತು ಮರಿಗಳಾಗುವುವು. ಒಳ್ಳೆಯ ತಳಿಯ ಮರಿಗಳು ಆರರಿಂದ ಎಂಟು ತಿಂಗಳಲ್ಲಿ ಮಾರಾಟಕ್ಕೆ ಬರುವುವು. ಇಷ್ಟು ಬೇಗ ಹಣವಾಗುವ ಜಾನುವಾರು ವಿರಳ.

ಹೆಸರು ಸುಳ್ಳಾದ ಕಾಲ

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿತು. ಮನುಷ್ಯರಿಗೂ ಹಂದಿಗೂ ಒಂದೇ ಬೆಳೆಯು ಆಹಾರವಾಗಿದ್ದುದರಿಂದ ಎರಡೂ ಒಮ್ಮೆಗೇ ತಪ್ಪಿದುವು. 1841ರಲ್ಲಿ ಸುಮಾರು ಹದಿನಾಲ್ಕು ಲಕ್ಷವಿದ್ದ ಹಂದಿಗಳು 1847ರಲ್ಲಿ ಸುಮಾರು ಆರು ಲಕ್ಷಕ್ಕೆ ಇಳಿದುವು. ಹಂದಿಯಿಲ್ಲದ ಮನೆಗೆ ಗೇಣಿಯ ದಾರಿ ಮುಚ್ಚಿತು. ಗೇಣಿ ಸಲ್ಲದ ಅನೇಕ ಸಂಸಾರಗಳು ಮನೆಗಳಿಂದ ಹೊರದೂಡಲ್ಪಟ್ಟುವು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು.

ನಾವು ತಿಳಿಯತಕ್ಕದ್ದು

ಕೊಡಗಿನಲ್ಲಿ ‘ಪಂದಿ’ ಎಂಬ ಮಾತಿಗೆ ಹೀನಾರ್ಥವಿಲ್ಲ; ಮದುವೆಯ ಊಟದಲ್ಲಿಯೂ ಅದರ ಮಾಂಸಕ್ಕೆ ಸ್ಥಾನವುಂಟು. ಹಳಗನ್ನಡದ ‘ಪಂದಿ’ಯೇ ನಮ್ಮ ‘ಹಂದಿ’. ಹೆಸರಿಗೆ ಅಂಟಿದ ತಿರಸ್ಕಾರವು ಪ್ರಾಣಿಯ ದೋಷದಿಂದಲ್ಲ, ಅದನ್ನು ಬೀದಿಗೆ ಬಿಡುವ ನಮ್ಮ ಅಭ್ಯಾಸದಿಂದ ಬಂದುದು. ಮಲವನ್ನು ತಿಂದು ಬೆಳೆದ ಹಂದಿಯಿಂದ ಲಾಡಿಹುಳುವಿನ ಬಾಧೆಯು ಹರಡುವುದು.

ಆದುದರಿಂದ ಹಂದಿಯನ್ನು ಸಾಕುವ ರೈತಬಾಂಧವರು ಗಚ್ಚಿನ ನೆಲದ ದೊಡ್ಡಿಯಲ್ಲಿ ಕಟ್ಟುನಿಟ್ಟಾಗಿ ಇರಿಸತಕ್ಕದ್ದು; ಅಡಿಗೆಮನೆಯ ಮುಸುರೆಯನ್ನು ಚೆನ್ನಾಗಿ ಕುದಿಸಿ ಆರಿಸಿ ಹಾಕತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರ ಊಟಕ್ಕಿರುವ ಒಂದೇ ಬೆಳೆಯನ್ನು ನಂಬಿ ಹಂದಿಗಳ ಸಂಖ್ಯೆಯನ್ನು ಹೆಚ್ಚಿಸಬಾರದು. ಮರಿಯನ್ನು ಕೊಳ್ಳುವುದಕ್ಕೆ ಮೊದಲೇ, ಬೆಳೆ ಕೆಟ್ಟ ವರ್ಷದಲ್ಲಿ ಅದಕ್ಕೆ ಏನು ಹಾಕುವೆವೆಂಬುದನ್ನು ಯೋಚಿಸಿಕೊಳ್ಳುವುದು ಲೇಸು.